ಒಂದು ದಿನದ ಕೇಂಬ್ರಿಡ್ಜ್, ಒಂದು ಜೀವಿತದ ಲೆಕ್ಕ

ವಾಕ್ಯಭಾಗ: ಯೋಹಾನ 12ನೇ ಅಧ್ಯಾಯ, 24ನೇ ವಚನ, ಮತ್ತಾಯ 25ನೇ ಅಧ್ಯಾಯ, ತಲಾಂತುಗಳ ಸಾಮ್ಯ
ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಕೂಟಗಳಲ್ಲಿ ಯೌವನಸ್ಥರಿಗೂ ಪಾಲಕರಿಗೂ ಕೊಟ್ಟ ಸಂದೇಶ

 ಎಲ್ಲರೂ ಒಂದ್ಸಲ ಸ್ತೋತ್ರ ಹೇಳ್ರಿ. ಹಲ್ಲೆಲೂಯಾ. ಹಿಂದೆ ನಿಂತವರು ಮುಂದೆ ಬರ್ರಿ, ಜಾಗ ಐತಿ. ಕೂತ್ಕೊಳ್ರಿ.

ಈ ವಾರ ಮೂರೂ ಊರುಗಳಲ್ಲಿ ಒಂದೇ ಸಂದೇಶ ಕೊಡುತ್ತಾ ಇದ್ದೇನೆ. ಯಾಕಂದ್ರ ಮೂರೂ ಕಡೆ ಒಂದೇ ಪ್ರಶ್ನೆ ಕೇಳಿಬಂತು. ಸಾಲ ಮಾಡಿ ಮಕ್ಕಳನ್ನು ಓದಿಸಿದ್ದೀವಿ, ಓದು ಮುಗೀತು, ಇನ್ನು ಆ ಓದಿನಿಂದ ಏನು ಮಾಡಬೇಕು ಅನ್ನುವ ಪ್ರಶ್ನೆ. ಅಪ್ಪ ಒಂದು ಹೇಳತಾರ, ಅವ್ವ ಒಂದು ಹೇಳತಾರ, ಮಗನ ಮನಸ್ಸಿನಾಗ ಮತ್ತೊಂದು ಇರತದ.

ನಮ್ಮ ಭಾಗದ ಒಂದು ಕುಟುಂಬ. ಹೆಸರು ಬೇಡ. ಕಬ್ಬಿನ ಹೊಲ ಬ್ಯಾಂಕಿಗೆ ಅಡ ಇಟ್ಟು ಮಗನನ್ನು ಇಂಗ್ಲೆಂಡಿಗೆ ಕಳಿಸಿದರು. ಮಗ ಲಂಡನ್ನಿನಲ್ಲಿ ಗಣಿತ ಓದಿ ಎಂ.ಎಸ್ಸಿ. ಮುಗಿಸಿದ. ಪದವಿ ಕೊಡುವ ಸಮಾರಂಭಕ್ಕೆ ಅಪ್ಪ ಅವ್ವ ಇಬ್ಬರೂ ಹೊರಟಿದ್ದಾರೆ. ಅಲ್ಲಿ ಅವರಿಗೆ ಬಿಡುವಾಗಿ ಸಿಗುವುದು ಒಂದೇ ದಿನ. ಆ ದಿನ ಕೇಂಬ್ರಿಡ್ಜ್ ತೋರಿಸಬೇಕು ಅಂತ ಮಗನ ಆಸೆ. ಆ ತಾಯಿ ನನ್ನ ಹತ್ತಿರ ಬಂದು, ಪಾಸ್ಟರ್ ಅವರೇ, ಓದು ಬಾರದ ನನಗೆ ಅಷ್ಟು ದೊಡ್ಡ ವಿದ್ಯಾಲಯದ ಊರಾಗ ನೋಡಾಕ ಏನೈತ್ರಿ ಅಂತ ಕೇಳಿದರು. ನಾನು ಆ ಊರಿಗೆ ಹೋದವನಲ್ಲ. ಆದರೆ ಆ ಊರಿನಿಂದ ನಮ್ಮ ದೇಶಕ್ಕೆ ಬಂದ ಒಬ್ಬ ದೇವಸೇವಕರ ಜೀವಿತವನ್ನು ಇಪ್ಪತ್ತು ವರ್ಷದಿಂದ ಓದುತ್ತಾ ಇದ್ದೇನೆ. ಅದಕ್ಕೆ ಒಂದು ಹಾಳೆ ತಗೊಂಡು, ನಕ್ಷೆ ಹಾಕಿ, ಅವರ ದಿನವನ್ನು ನಾನೇ ಬರೆದುಕೊಟ್ಟೆ. ಇವತ್ತು ಆ ಹಾಳೆಯನ್ನೇ ನಿಮ್ಮ ಮುಂದೆ ಬಿಚ್ಚುತ್ತೇನೆ.

ಮೊದಲು ಹೋಗುವ ದಾರಿ ಹೇಳ್ತೀನಿ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ರೈಲು ಹತ್ತಿದರೆ, ವೇಗದ ರೈಲಾದರೆ ಸುಮಾರು 50 ನಿಮಿಷಕ್ಕೆ ಕೇಂಬ್ರಿಡ್ಜ್. ಕೆಲಸದ ದಿನ ಬೆಳಗಿನ ಜನಜಂಗುಳಿಯ ಹೊತ್ತಿನಲ್ಲಿ ಟಿಕೆಟ್ ತುಟ್ಟಿ. ಆ ಹೊತ್ತು ಕಳೆದ ಮೇಲೆ ಹೊರಟರೆ ಅಗ್ಗ. ಶನಿವಾರ ಆದರೆ ಆ ಚಿಂತೆ ಇಲ್ಲ. ಊಟ ಕೊಂಡು ತಿನ್ನುವುದು ಬೇಡ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ರಿ, ಗೋಕಾಕದ ಕರದಂಟು ಹೆಂಗೂ ಚೀಲದಾಗ ಇದ್ದೇ ಇರತದ. ಇನ್ನೊಂದು ಮಾತು. ಅಲ್ಲಿನ ಕಾಲೇಜುಗಳು ಪ್ರವಾಸಿಗರಿಗೆ ಯಾವಾಗಲೂ ತೆರೆದಿರುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಪರೀಕ್ಷೆಯ ಕಾಲದಲ್ಲಿ ಎಷ್ಟೋ ಬಾಗಿಲು ಮುಚ್ಚಿರುತ್ತವೆ. ಹೋಗುವ ಹಿಂದಿನ ದಿನ ಮಗ ಮೊಬೈಲಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ನಿಲ್ದಾಣ ಊರ ನಡುವಿಲ್ಲ. ಎರಡು ಕಿಲೋಮೀಟರ್ ದೂರ. ತಾಯಿಗೆ ಮೊಣಕಾಲು ನೋವು, ಅದಕ್ಕೆ ಬಸ್ಸು ಹತ್ತಲಿ. ಗಟ್ಟಿ ಇದ್ದವರು ನಡೆಯಬಹುದು. ಹಿಲ್ಸ್ ರೋಡ್ ಹಿಡಿದು ನೇರ ಹೋದರೆ ರಸ್ತೆಯ ಹೆಸರು ಬದಲಾಗತದ, ದಾರಿ ಬದಲಾಗುವುದಿಲ್ಲ. ಕೊನೆಗೆ ಅದೇ ರಸ್ತೆಗೆ ಸಿಡ್ನಿ ಸ್ಟ್ರೀಟ್ ಅಂತ ಹೆಸರು. ನಮ್ಮ ದಿನವೆಲ್ಲಾ ಆ ಬೀದಿಯ ಸುತ್ತಲೇ.

ಆ ಬೀದಿಯಲ್ಲಿ ಸಿಡ್ನಿ ಸಸೆಕ್ಸ್ ಅನ್ನುವ ಕಾಲೇಜು ಇದೆ. 1596ರಲ್ಲಿ ಸ್ಥಾಪನೆಯಾದದ್ದು. ಆಲಿವರ್ ಕ್ರಾಮ್‌ವೆಲ್ 1616ರಲ್ಲಿ ಇಲ್ಲಿಗೆ ಓದಲು ಬಂದರು. ಆದರೆ ನಾನು ಆ ತಾಯಿಗೆ ಈ ಬಾಗಿಲ ಮುಂದೆ ನಿಲ್ಲಲು ಹೇಳಿದ್ದು ಕ್ರಾಮ್‌ವೆಲ್ ಸಲುವಾಗಿ ಅಲ್ಲ. ನಮ್ಮ ಗೋಕಾಕ ತಾಲೂಕಿನ ಮಮದಾಪುರದ ಒಬ್ಬ ಹುಡುಗನ ಸಲುವಾಗಿ. 1899ರ ಆಗಸ್ಟ್ 2ರಂದು ಮಮದಾಪುರದಲ್ಲಿ ಹುಟ್ಟಿದ ಡಿ. ಸಿ. ಪಾವಟೆ ಅವರು ಇದೇ ಕಾಲೇಜಿನಲ್ಲಿ ಗಣಿತ ಓದಿ, 1927ರಲ್ಲಿ ರ‍್ಯಾಂಗ್ಲರ್ ಆದರು. ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ ರ‍್ಯಾಂಗ್ಲರ್ ಅಂತಾರ. ಘಟಪ್ರಭೆಯ ನೀರು ಕುಡಿದ ಹುಡುಗ ಅಲ್ಲಿಗೆ ಹೋಗಿ ಆ ಹೆಸರು ತಗೊಂಡ. ಹಂಗಂತ ಅಲ್ಲೇ ಕೂಡಲಿಲ್ಲ. ತಿರುಗಿ ಬಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯನ್ನು ನಡೆಸಿದರು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿದರು. ನಮ್ಮ ಮಕ್ಕಳು ಧಾರವಾಡಕ್ಕೆ ಅರ್ಜಿ ಹಾಕುವಾಗ ವಿಳಾಸದಲ್ಲಿ ಪಾವಟೆ ನಗರ ಅಂತ ಬರೀತಾರಲ್ಲ, ಅದು ಇವರ ಹೆಸರೇ. ಆಮೇಲೆ 1967ರಿಂದ 1973ರವರೆಗೆ ಪಂಜಾಬಿನ ರಾಜ್ಯಪಾಲರಾಗಿದ್ದರು. 1979ರಲ್ಲಿ ತೀರಿಕೊಂಡರು. ಇವತ್ತಿಗೂ ಅವರ ಹೆಸರಿನ ಫೆಲೋಶಿಪ್ ಪಡೆದು ಧಾರವಾಡದಿಂದ ಕೇಂಬ್ರಿಡ್ಜಿಗೆ ಹೋಗಿ ಬಂದವರಿದ್ದಾರೆ.

ಪಾವಟೆ ಅವರು ನಮ್ಮ ಸಭೆಯವರಲ್ಲ. ಆದರೆ ನಮ್ಮ ಮಣ್ಣಿನವರು. ಗೌರವ ಸಲ್ಲಬೇಕಾದವರಿಗೆ ಗೌರವ ಸಲ್ಲಿಸಬೇಕು ಅಂತ ವಾಕ್ಯವೇ ನಮಗೆ ಕಲಿಸುತ್ತದೆ. ಅದಕ್ಕೆ ಆ ಅಪ್ಪ ಅವ್ವ ಮೊದಲು ಇಲ್ಲಿ ನಿಲ್ಲಲಿ. ನಮ್ಮ ಪಕ್ಕದ ಹಳ್ಳಿಯಿಂದ ಒಬ್ಬರು ಈ ಬಾಗಿಲು ದಾಟಿದ್ದಾರೆ ಅಂತ ತಿಳಿದರೆ ಆ ಊರು ಪರಕೀಯ ಅನಿಸುವುದಿಲ್ಲ.

ಈಗ ನಾಲ್ಕು ಹೆಜ್ಜೆ ಹಿಂದೆ ಬರ್ರಿ. ಅದೇ ಸಿಡ್ನಿ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಒಂದು ಹಳೆಯ ಚರ್ಚು. ಹೋಲಿ ಟ್ರಿನಿಟಿ ಅಂತ ಹೆಸರು. ಅಲ್ಲಿ ಬೋಧಿಸುತ್ತಿದ್ದ ಒಬ್ಬ ಯುವಕ ಕೂಡ ರ‍್ಯಾಂಗ್ಲರ್. ಪಾವಟೆ ಅವರಿಗಿಂತ 126 ವರ್ಷ ಮೊದಲು. ಅವರು ಇಲ್ಲಿಂದ ನಮ್ಮ ದೇಶಕ್ಕೆ ಬಂದರು. ನಮ್ಮವರು ಅಲ್ಲಿಗೆ ಹೋದರು, ಅಲ್ಲಿಯವರು ಇಲ್ಲಿಗೆ ಬಂದರು, ಬೀದಿ ಒಂದೇ. ಆ ಯುವಕರ ಹೆಸರು ಹೆನ್ರಿ ಮಾರ್ಟಿನ್. ಇವತ್ತಿನ ಸಂದೇಶ ಅವರ ಜೀವಿತ. ಗಮನ ಕೊಟ್ಟು ಕೇಳ್ರಿ.

ಹೆನ್ರಿ ಮಾರ್ಟಿನ್ ಅವರು 1781ರ ಫೆಬ್ರವರಿ 18ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಟ್ರೂರೋ ಊರಿನಲ್ಲಿ ಹುಟ್ಟಿದರು. ಗಣಿಗಳ ಸೀಮೆ ಅದು. ತಂದೆ ದುಡಿದು ಮೇಲೆ ಬಂದವರು. ತಾಯಿ ಮಗು ಚಿಕ್ಕದಿರುವಾಗಲೇ ತೀರಿಕೊಂಡರು. ಹುಡುಗ ಸಣ್ಣ ದೇಹದವ, ಬಲಹೀನ. ಆದರೆ ಸಿಟ್ಟು ಮಾತ್ರ ಬಹಳ.

14ನೇ ವಯಸ್ಸಿನಲ್ಲಿ ಆಕ್ಸ್‌ಫರ್ಡಿನ ಒಂದು ಕಾಲೇಜಿಗೆ ವಿದ್ಯಾರ್ಥಿವೇತನದ ಪರೀಕ್ಷೆ ಬರೆದರು. ಸಿಗಲಿಲ್ಲ. ಇಲ್ಲಿ ಎಷ್ಟು ಮಕ್ಕಳು ನೀಟ್ ಬರೆದು, ಸಿಇಟಿ ಬರೆದು ಸೀಟು ಸಿಗದೆ ಅತ್ತಿದ್ದೀರಿ? ಕೇಳ್ರಿ. ಆಕ್ಸ್‌ಫರ್ಡಿನ ಬಾಗಿಲು ಮುಚ್ಚಿತು ಅಂತಲೇ ಅವರು 1797ರಲ್ಲಿ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿಗೆ ಬಂದದ್ದು. ಆಕ್ಸ್‌ಫರ್ಡಿನಲ್ಲಿ ಸೀಟು ಸಿಕ್ಕಿದ್ದರೆ ಅವರ ದಾರಿ ಇದಾಗುತ್ತಿರಲಿಲ್ಲ. ಕೆಲವು ಬಾಗಿಲು ಮುಚ್ಚುವಾತನೂ ದೇವರೇ. ಆಮೆನ್ ಹೇಳ್ರಿ.

ಕಾಲೇಜಿಗೆ ಬಂದರೂ ಗಣಿತ ತಲೆಗೆ ಹತ್ತಲಿಲ್ಲ. ಯೂಕ್ಲಿಡ್‌ನ ರೇಖಾಗಣಿತ ಅರ್ಥವಾಗದೆ, ಪ್ರಮೇಯಗಳನ್ನು ಬಾಯಿಪಾಠ ಮಾಡಲಿಕ್ಕೆ ಹೊರಟಿದ್ದರು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಮಾಡುವುದೂ ಅದನ್ನೇ ಅಲ್ಲೇನ್ರಿ? ಒಂದು ವರ್ಷ ಮುಂದಿದ್ದ ಒಬ್ಬ ವಿದ್ಯಾರ್ಥಿ ಪಕ್ಕದಲ್ಲಿ ಕೂಡಿಸಿಕೊಂಡು ಬಿಡಿಸಿ ಹೇಳಿಕೊಟ್ಟರು. ಅಲ್ಲಿಂದ ಬೆಳಕು ಬಿತ್ತು. ಓದುವ ತಮ್ಮಂದಿರೇ, ತಂಗಿಯರೇ, ನಿಮಗೆ ಬರುವ ಒಂದು ಲೆಕ್ಕವನ್ನು ಬಾರದವರಿಗೆ ಹೇಳಿಕೊಡ್ರಿ. ನೀವು ಯಾರಿಗೆ ಹೇಳಿಕೊಡ್ತಾ ಇದ್ದೀರಿ ಅಂತ ನಿಮಗೆ ಗೊತ್ತಿರುವುದಿಲ್ಲ.

ಆ ದಿನಗಳಲ್ಲೇ ಒಂದು ಸಲ ಸಿಟ್ಟಿನ ಭರದಲ್ಲಿ ಗೆಳೆಯನ ಕಡೆಗೆ ಚಾಕು ಎಸೆದರು. ಗುರಿ ತಪ್ಪಿ ಗೋಡೆಗೆ ನಾಟಿತು. ನಾಲ್ಕು ಬೆರಳು ಈ ಕಡೆ ಬಂದಿದ್ದರೆ ಒಬ್ಬ ಸಾಯುತ್ತಿದ್ದ, ಒಬ್ಬ ಜೈಲಿಗೆ ಹೋಗುತ್ತಿದ್ದ. ಬುದ್ಧಿವಂತ ಇದ್ದರೇನು, ಒಳಗಿನ ಮನುಷ್ಯ ಬದಲಾಗಿರಲಿಲ್ಲ.

ಹೊಡೆತ ಬಿದ್ದದ್ದು 1800ರಲ್ಲಿ. ತಂದೆ ತೀರಿಕೊಂಡ ಸುದ್ದಿ ಬಂತು. ತಂಗಿ ಮೊದಲಿನಿಂದ ಬೈಬಲ್ ಓದು, ಪ್ರಾರ್ಥನೆ ಮಾಡು ಅಂತ ಬೆನ್ನು ಹತ್ತಿದ್ದಳು, ಇವರು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಬೇರೆ ಪುಸ್ತಕ ಓದಲು ಮನಸ್ಸು ಬರದೆ ಬೈಬಲ್ ತೆರೆದರು. ಅಪೊಸ್ತಲರ ಕೃತ್ಯಗಳಿಂದ ಓದಲು ಶುರು ಮಾಡಿದರು. ನಿಧಾನವಾಗಿ ಕರ್ತನು ಆ ಹೃದಯವನ್ನು ಹಿಡಿದನು.

1801ರ ಜನವರಿಯಲ್ಲಿ ಪರೀಕ್ಷೆ. ಬಾಯಿಪಾಠದ ಹುಡುಗ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗರಾಗಿ ಸೀನಿಯರ್ ರ‍್ಯಾಂಗ್ಲರ್ ಆದರು. ವಯಸ್ಸು ಇನ್ನೂ 20 ತುಂಬಿರಲಿಲ್ಲ. ಅದೇ ವರ್ಷ ಗಣಿತದ ಸ್ಮಿತ್ ಬಹುಮಾನದಲ್ಲೂ ಮೊದಲನೆಯದು. ಮರುವರ್ಷ ಅದೇ ಕಾಲೇಜಿನ ಫೆಲೋ. ಆ ಕಾಲದಲ್ಲಿ ಇದಕ್ಕಿಂತ ದೊಡ್ಡ ಮಾನ ಓದಿದವರಿಗೆ ಇರಲಿಲ್ಲ. ಆದರೆ ಆ ದಿನ ಸಂತೋಷ ಆಗುವ ಬದಲು ಮಾರ್ಟಿನ್ ಅವರಿಗೆ ಕೈ ಖಾಲಿ ಅನಿಸಿತು. ಬೆನ್ನಟ್ಟಿದ್ದು ಸಿಕ್ಕಿತು, ಹಿಡಿದು ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಪಾಲಕರೇ, ಇದನ್ನು ಗಟ್ಟಿಯಾಗಿ ತಿಳಿದುಕೊಳ್ರಿ. ಮಗ ಸೋತಾಗ ಪಕ್ಕದಲ್ಲಿ ಕೂಡುತ್ತೀರಿ. ಮಗ ಗೆದ್ದ ದಿನವೂ ಒಳಗೆ ಖಾಲಿ ಇರಬಹುದು, ಆವಾಗಲೂ ಕೂಡ್ರಿ.

ನಮ್ಮ ಹಾಳೆಗೆ ತಿರುಗಿ ಬರೋಣ. ಸಿಡ್ನಿ ಸ್ಟ್ರೀಟಿನಿಂದ ಮುಂದೆ ಬ್ರಿಡ್ಜ್ ಸ್ಟ್ರೀಟ್. ಅಲ್ಲಿ ಸುಮಾರು 1130ರಲ್ಲಿ ಕಟ್ಟಿದ ದುಂಡನೆಯ ಚರ್ಚು ಕಾಣತದ. ಅದರ ಎದುರಿಗೆ ಎಡಕ್ಕೆ ಹೊರಳಿದರೆ ಸೇಂಟ್ ಜಾನ್ಸ್ ಕಾಲೇಜು. 1511ರಲ್ಲಿ ಸ್ಥಾಪನೆಯಾದದ್ದು. ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಓದಿದ್ದು ಇಲ್ಲೇ. ಭಾರತದ ಮೊದಲ ಸೀನಿಯರ್ ರ‍್ಯಾಂಗ್ಲರ್ ಆರ್. ಪಿ. ಪರಾಂಜಪೆ ಅವರೂ ಈ ಕಾಲೇಜಿನವರೇ. ಅವರು ಆ ಸ್ಥಾನ ಪಡೆದದ್ದು 1899ರಲ್ಲಿ, ಅಂದರೆ ಮಮದಾಪುರದಲ್ಲಿ ಪಾವಟೆ ಅವರು ಹುಟ್ಟಿದ ವರ್ಷ. ಕಾಲೇಜಿನ ಹಿಂದೆ ಕ್ಯಾಮ್ ನದಿಯ ಮೇಲೆ ಒಂದು ಮುಚ್ಚಿದ ಸೇತುವೆ ಇದೆ, ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ಕಟ್ಟಿದ್ದು 1831ರಲ್ಲಿ. ಮಾರ್ಟಿನ್ ಅವರು ಅದನ್ನು ನೋಡಲೇ ಇಲ್ಲ. ಫೋಟೋ ತೆಗೆಸಿಕೊಳ್ರಿ, ಆದರೆ ಅಂಗಳದಲ್ಲಿ ಒಂದು ನಿಮಿಷ ನಿಂತು, ಗೆದ್ದು ಕೈ ಖಾಲಿಯಾದ ಆ ಹುಡುಗನನ್ನು ನೆನೆಯಿರಿ.

ಇನ್ನು ಹೋಲಿ ಟ್ರಿನಿಟಿ ಚರ್ಚಿನ ಕಥೆ. ಅಲ್ಲಿ 54 ವರ್ಷ ಬೋಧಿಸಿದವರು ಚಾರ್ಲ್ಸ್ ಸಿಮಿಯನ್. ಅವರು ಬಂದಾಗ ಸಭೆಯವರಿಗೇ ಬೇಡವಾಗಿದ್ದರು. ಬಾಡಿಗೆ ಕೊಟ್ಟು ಹಿಡಿದ ಬೆಂಚುಗಳ ಬಾಗಿಲಿಗೆ ಕೀಲಿ ಹಾಕಿಕೊಂಡು ಜನ ಮನೆಯಲ್ಲಿ ಕೂತರು. ಕೇಳಲು ಬಂದವರು ನಡುವಿನ ದಾರಿಯಲ್ಲಿ ನಿಂತು ಕೇಳಬೇಕಾಯಿತು. ಆದರೂ ಅವರು ಬಿಟ್ಟು ಹೋಗಲಿಲ್ಲ. ಮಾರ್ಟಿನ್ ಅವರನ್ನು ಬೆಳೆಸಿದವರು ಇವರೇ. ವಕೀಲಿಕೆ ಮಾಡಬೇಕು, ಹಣ ಮಾಡಬೇಕು ಅಂದುಕೊಂಡಿದ್ದ ಯುವಕನ ಕಿವಿಗೆ ಸಿಮಿಯನ್ ಅವರ ಬಾಯಿಂದ ಬಂಗಾಳದ ಸುದ್ದಿ ಬಿತ್ತು. ವಿಲಿಯಂ ಕೇರಿ ಅನ್ನುವ ಒಬ್ಬ ಚಮ್ಮಾರ ಅಲ್ಲಿ ಮಾಡುತ್ತಿದ್ದ ಸೇವೆಯ ಸುದ್ದಿ. ಅಮೆರಿಕದ ಮೂಲನಿವಾಸಿಗಳ ನಡುವೆ ಸೇವೆ ಮಾಡಿ ಎಳೆ ವಯಸ್ಸಿನಲ್ಲೇ ಸತ್ತ ಡೇವಿಡ್ ಬ್ರೇನರ್ಡ್ ಅವರ ಜೀವನಚರಿತ್ರೆಯನ್ನೂ ಓದಿದರು. ಮನಸ್ಸು ತಿರುಗಿತು. 1803ರಲ್ಲಿ ಸಿಮಿಯನ್ ಅವರ ಸಹಾಯಕ ಸೇವಕರಾದರು. ಕೂಲಿ ಜನರ ಮನೆಗೆ, ರೋಗಿಗಳ ಹಾಸಿಗೆಗೆ ಈ ಸೀನಿಯರ್ ರ‍್ಯಾಂಗ್ಲರ್ ನಡೆದು ಹೋಗುತ್ತಿದ್ದರು.

ಈಗ ಪಾಲಕರು ಕಿವಿಗೊಟ್ಟು ಕೇಳಬೇಕಾದ ಭಾಗ. ಮಿಷನರಿಯಾಗಿ ಹೋಗಬೇಕು ಅನ್ನುವಷ್ಟರಲ್ಲಿ, 1804ರಲ್ಲಿ, ತಂದೆ ಬಿಟ್ಟುಹೋದ ಆಸ್ತಿಯೆಲ್ಲಾ ಮುಳುಗಿತು. ಮದುವೆಯಾಗದ ತಂಗಿ ಇದ್ದಳು. ಆಕೆಯನ್ನು ನೋಡಿಕೊಳ್ಳಬೇಕು. ಮಿಷನ್ ಸಂಘ ಕೊಡುವ ಅಲ್ಪ ಹಣದಲ್ಲಿ ಅದು ಆಗುವುದಿಲ್ಲ. ಕರೆ ಬಂದಿದೆ ಅಂತ ತಂಗಿಯನ್ನು ಬೀದಿಯಲ್ಲಿ ಬಿಟ್ಟು ಹೊರಟರೇನು? ಇಲ್ರಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಚಾಪ್ಲಿನ್ ಕೆಲಸ, ಅಂದರೆ ಸೈನಿಕರಿಗೂ ಅಧಿಕಾರಿಗಳಿಗೂ ಬೋಧಿಸುವ ಸಂಬಳದ ಕೆಲಸ ತಗೊಂಡರು. ಆ ಸಂಬಳದಲ್ಲಿ ಮನೆಯ ಹೊಣೆಯೂ ನಡೆಯಿತು, ಕರೆಯೂ ನಡೆಯಿತು. ಸೇವೆ ಅಂತ ಹೇಳಿ ಅಪ್ಪನ ಸಾಲ ಮರೆಯುವ ಮಕ್ಕಳಿಗೆ ಇದು ಬುದ್ಧಿ. ಸಾಲದ ನೆಪ ಹೇಳಿ ಕರೆಯನ್ನೇ ಮರೆಯುವವರಿಗೂ ಇದು ಬುದ್ಧಿ.

ಇನ್ನೊಂದು ನೋವಿತ್ತು. ಲಿಡಿಯಾ ಗ್ರೆನ್‌ಫೆಲ್ ಅನ್ನುವ ಹೆಣ್ಣುಮಗಳನ್ನು ಅವರು ಮನಸಾರೆ ಪ್ರೀತಿಸಿದ್ದರು. ಭಾರತಕ್ಕೆ ಬಂದ ಮೇಲೆ ಕಾಗದ ಬರೆದು ಮದುವೆಗೆ ಕೇಳಿದರು. ಆಗ ಒಂದು ಕಾಗದ ಹೋಗಿ ಉತ್ತರ ಬರಲು ವರ್ಷವೇ ಕಳೆಯುತ್ತಿತ್ತು. ಬಂದ ಉತ್ತರ ಆಗುವುದಿಲ್ಲ ಅಂತ. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ.

1805ರಲ್ಲಿ ಹಡಗು ಹತ್ತಿದರು. ಆಫ್ರಿಕಾದ ತುದಿಯಲ್ಲಿ ಯುದ್ಧ ನಡೆದಿತ್ತು, ಇಳಿದು ಗಾಯಗೊಂಡ ಸೈನಿಕರ ನಡುವೆ ಓಡಾಡಿದರು. 1806ರ ಮೇ ತಿಂಗಳಲ್ಲಿ ಕಲ್ಕತ್ತೆಗೆ ಬಂದರು. ಶ್ರೀರಾಮಪುರದಲ್ಲಿ ಕೇರಿ ಅವರನ್ನು ಕಂಡರು. ಒಬ್ಬರು ಶಾಲೆಯನ್ನೇ ಹೆಚ್ಚು ಕಾಣದ ಚಮ್ಮಾರ, ಇನ್ನೊಬ್ಬರು ಕೇಂಬ್ರಿಡ್ಜಿನ ಮೊದಲಿಗ. ಕರ್ತನ ಹೊಲದಲ್ಲಿ ಇಬ್ಬರೂ ಒಂದೇ ಸಾಲಿನ ಆಳುಗಳು. ಆಮೇಲೆ ಗಂಗಾ ನದಿಯಲ್ಲಿ ದೋಣಿ ಹಿಡಿದು ದಾನಾಪುರಕ್ಕೆ ಹೋದರು. ಅಲ್ಲಿ ಎರಡೂವರೆ ವರ್ಷ. 1809ರ ಬೇಸಿಗೆಯಲ್ಲಿ ಬಿಸಿಗಾಳಿಯ ನಡುವೆ ಮೇಣೆಯಲ್ಲಿ ಹೋಗಿ ಕಾನ್ಪುರ ಮುಟ್ಟಿದರು. ಮುಟ್ಟಿದ ಕೂಡಲೇ ಮೂರ್ಛೆ ಬಿದ್ದರು. ಎದೆಯಲ್ಲಿ ಕ್ಷಯ ಸೇರಿತ್ತು.

ಗಣಿತದ ತಲೆಯನ್ನು ಅವರು ಭಾಷೆಗೆ ಹಚ್ಚಿದರು. ಮಿರ್ಜಾ ಫಿತ್ರತ್ ಅನ್ನುವ ಪಂಡಿತರನ್ನು ಜೊತೆಗೆ ಇಟ್ಟುಕೊಂಡು ಹೊಸ ಒಡಂಬಡಿಕೆಯನ್ನು ಪೂರ್ತಿಯಾಗಿ ಹಿಂದೂಸ್ತಾನಿಗೆ, ಅಂದರೆ ಇವತ್ತಿನ ಉರ್ದುವಿಗೆ ತಂದರು. ಗ್ರೀಕ್ ಮೂಲವನ್ನು ಮುಂದಿಟ್ಟುಕೊಂಡು ಒಂದೊಂದು ಶಬ್ದವನ್ನು ತೂಗಿ ನೋಡುವ ಕೆಲಸ. ಅದೇ 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಕೆಲಸಕ್ಕೆ ಕೈ ಹಾಕಿದರು. ಹತ್ತು ವರ್ಷದ ಮೇಲೆ, 1820ರಲ್ಲಿ, ಬಳ್ಳಾರಿಯಿಂದಲೇ ಜೋಸೆಫ್ ಟೇಲರ್ ನಮ್ಮ ಬೆಳಗಾವಿಗೆ ಬಂದರು. ಇವತ್ತು ನಿಮ್ಮ ಮಡಿಲಲ್ಲಿ ಕನ್ನಡ ಬೈಬಲ್ ಇದೆ ಅಂದರೆ, ಯಾರೋ ದೀಪದ ಬೆಳಕಿನಲ್ಲಿ ಕಣ್ಣು ಕಳೆದುಕೊಂಡು ಒಂದೊಂದು ಶಬ್ದ ಹುಡುಕಿದ್ದಾರೆ. ಅದನ್ನು ಮರೆಯಬೇಡ್ರಿ.

ಕಾನ್ಪುರದಲ್ಲಿ ಭಾನುವಾರ ಅವರ ಮನೆಯಂಗಳಕ್ಕೆ ಭಿಕ್ಷುಕರು ಬರುತ್ತಿದ್ದರು. ನೂರಾರು ಜನ. ಕುಂಟರು, ಕುರುಡರು, ಕುಷ್ಠರೋಗಿಗಳು. ಕಾಸು ಕೊಟ್ಟು, ಅವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಏನೂ ಫಲ ಕಾಣಲಿಲ್ಲ. ಆದರೆ ಒಂದು ದಿನ ಪಕ್ಕದ ತೋಟದ ಮನೆಯಿಂದ ಶೇಖ್ ಸಾಲಿಹ್ ಅನ್ನುವ ಒಬ್ಬ ಯುವಕ ತಮಾಷೆ ನೋಡುವವರ ಜೊತೆಗೆ ಬಂದು ಕೇಳಿದರು. ಆ ಮಾತು ಎದೆಗೆ ನಾಟಿತು. ಮುಂದೆ 1811ರಲ್ಲಿ ಕಲ್ಕತ್ತೆಯಲ್ಲಿ ದೀಕ್ಷಾಸ್ನಾನ ತಗೊಂಡು ಅಬ್ದುಲ್ ಮಸೀಹ್ ಆದರು. ಆಗ್ರಾದಲ್ಲಿ ಸಭೆಯನ್ನು ನಡೆಸಿದ ಸೇವಕರಾದರು. ಆ ದೀಕ್ಷಾಸ್ನಾನದ ದಿನ ಮಾರ್ಟಿನ್ ಅವರು ಭಾರತದಲ್ಲೇ ಇರಲಿಲ್ಲ. ಬಿತ್ತಿದವರು ಬೆಳೆ ನೋಡಲಿಲ್ಲ.

ಆರೋಗ್ಯ ಕೆಟ್ಟು, ಪಾರಸಿ ಭಾಷೆಯ ಅನುವಾದವನ್ನು ಆ ದೇಶದಲ್ಲೇ ಸರಿಪಡಿಸಬೇಕು ಅಂತ, 1811ರ ಜನವರಿಯಲ್ಲಿ ಕಲ್ಕತ್ತೆ ಬಿಟ್ಟರು. ಮುಂಬಯಿಗೆ ಹೋಗುವ ಆ ಹಡಗಿನಲ್ಲಿ ಜೊತೆಗಿದ್ದವರು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್, ಪುಣೆಯ ಪೇಶ್ವೆಯ ದರ್ಬಾರಿಗೆ ರೆಸಿಡೆಂಟ್ ಆಗಿ ಹೋಗುತ್ತಿದ್ದವರು. ಗೋವಾದಲ್ಲಿ ಇಳಿದು ಫ್ರಾನ್ಸಿಸ್ ಝೇವಿಯರ್ ಅವರ ಸಮಾಧಿ ನೋಡಿದರು. ನಮ್ಮ ಸೀಮೆಗೆ ಅವರು ಹತ್ತಿರ ಬಂದದ್ದು ಅಷ್ಟೇ, ಘಟ್ಟದ ಕೆಳಗಿನವರೆಗೆ.

ಆ ವರ್ಷ ಜೂನ್‌ನಲ್ಲಿ ಪಾರಸಿ ದೇಶದ, ಇವತ್ತಿನ ಇರಾನಿನ, ಶಿರಾಜ್ ಪಟ್ಟಣ ಮುಟ್ಟಿದರು. ಅಲ್ಲಿಯ ವಿದ್ವಾಂಸರು ವಾದಕ್ಕೆ ಬಂದರು, ಇವರು ಸಿಟ್ಟಾಗದೆ ಉತ್ತರಿಸಿದರು. ಚಾಕು ಎಸೆದ ಕೈ ಇದೇ ಅಂತ ನೆನಪಿಡ್ರಿ. ಮಿರ್ಜಾ ಸಯ್ಯಿದ್ ಅಲಿ ಅವರ ಸಹಾಯದಿಂದ 1812ರ ಫೆಬ್ರವರಿಯಲ್ಲಿ ಪಾರಸಿ ಹೊಸ ಒಡಂಬಡಿಕೆ ಮುಗಿಯಿತು. ಅದನ್ನು ಷಾ ದೊರೆಗೆ ತಾವೇ ಒಪ್ಪಿಸಬೇಕು ಅಂತ ಹೊರಟು ತಬ್ರೀಜ್ ಪಟ್ಟಣದಲ್ಲಿ ಜ್ವರದಿಂದ ಮಲಗಿದರು. ಇಂಗ್ಲೆಂಡಿನ ರಾಯಭಾರಿ ಗೋರ್ ಔಸ್ಲಿ ಮತ್ತು ಅವರ ಹೆಂಡತಿ ಆರೈಕೆ ಮಾಡಿದರು. ಮುಂದೆ ಆ ಪುಸ್ತಕವನ್ನು ಷಾ ದೊರೆಯ ಕೈಗೆ ಮುಟ್ಟಿಸಿದವರೂ ಅದೇ ರಾಯಭಾರಿ. 1815ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅದು ಅಚ್ಚಾಯಿತು. ಉರ್ದು ಹೊಸ ಒಡಂಬಡಿಕೆ 1814ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಎರಡನ್ನೂ ಅವರು ಅಚ್ಚಾದ ರೂಪದಲ್ಲಿ ನೋಡಲಿಲ್ಲ.

1812ರ ಸೆಪ್ಟೆಂಬರಿನಲ್ಲಿ ಊರಿಗೆ ಹೋಗಬೇಕು ಅಂತ ಕುದುರೆ ಹತ್ತಿದರು. ಜ್ವರ, ಚಳಿ, ನಿಲ್ಲಲು ಬಿಡದೆ ಓಡಿಸುವ ದಾರಿಗಾರ. ಆಗ ದಾರಿಯಲ್ಲಿ ಪಿಡುಗು ಬೇರೆ ಹಬ್ಬಿತ್ತು. ದಿನಚರಿಯ ಬರಹ ಅಕ್ಟೋಬರ್ 6ಕ್ಕೆ ನಿಂತಿದೆ. ಅಕ್ಟೋಬರ್ 16ರಂದು ತುರ್ಕಿಯ ತೋಕಾತ್ ಅನ್ನುವ ಊರಿನಲ್ಲಿ, ತಮ್ಮವರು ಒಬ್ಬರೂ ಪಕ್ಕದಲ್ಲಿಲ್ಲದೆ, ಹೆನ್ರಿ ಮಾರ್ಟಿನ್ ಅವರು ಕರ್ತನ ಬಳಿಗೆ ಸೇರಿದರು. ವಯಸ್ಸು 31. ಅರ್ಮೇನಿಯದ ಕ್ರೈಸ್ತರು ಗೌರವದಿಂದ ಮಣ್ಣು ಮಾಡಿದರು.

ಲೆಕ್ಕ ಹಾಕಿ ನೋಡ್ರಿ. ಭಾರತದಲ್ಲಿ ಐದು ವರ್ಷವೂ ಪೂರ್ತಿ ಇಲ್ಲ. ಕಣ್ಣಿಗೆ ಕಂಡ ಫಲ ಬೆರಳಲ್ಲಿ ಎಣಿಸುವಷ್ಟು. ಲೋಕದ ಲೆಕ್ಕದಲ್ಲಿ ಇದು ನಷ್ಟ. ಮೊದಲ ಸ್ಥಾನದ ಓದು, ಕಾಲೇಜಿನ ಮಾನ, ಪ್ರೀತಿಸಿದ ಹುಡುಗಿ, ಆಯುಷ್ಯ ಎಲ್ಲಾ ಹೋಯಿತು. ಆದರೆ ಗೋಧಿಯ ಕಾಳು ಮಣ್ಣಿಗೆ ಬೀಳದೆ ಇದ್ದರೆ ಒಂದೇ ಆಗಿ ಉಳಿಯುತ್ತದೆ ಅಂತ ಕರ್ತನು ಹೇಳಿದ್ದು ನಮ್ಮಂಥ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಜದ ಜೋಳವನ್ನು ಹಗೇವಿನಲ್ಲಿ ಇಟ್ಟು ನೋಡಿಕೊಂಡು ಕೂತರೆ ಹುಳ ಹಿಡೀತದ. ಹೊಲಕ್ಕೆ ಹಾಕಿದರೆ ಮಾತ್ರ ಅದು ಬೀಜ.

ಆ ದಿನದ ಉಳಿದ ಹೊತ್ತಿಗೆ ಬರೋಣ. ಮಧ್ಯಾಹ್ನ ರೊಟ್ಟಿ ಬಿಚ್ಚಲು ಒಂದು ಜಾಗ ಗುರುತು ಮಾಡಿ ಕೊಟ್ಟಿದ್ದೇನೆ. ದುಂಡು ಚರ್ಚಿನಿಂದ ಹತ್ತು ನಿಮಿಷ ನಡೆದರೆ ನದಿಯ ದಂಡೆಗೆ ಒಂದು ಹಸಿರು ಬಯಲು. ಅದರ ಹೆಸರು ಜೀಸಸ್ ಗ್ರೀನ್. ನಿಜವಾಗಿ ಅದೇ ಹೆಸರು, ಪಕ್ಕದ ಜೀಸಸ್ ಕಾಲೇಜಿನಿಂದ ಬಂದದ್ದು. ನಮ್ಮ ಘಟಪ್ರಭೆಯ ಮುಂದೆ ಆ ಕ್ಯಾಮ್ ನದಿ ಕಾಲುವೆಯಷ್ಟೇ. ಅಲ್ಲಿ ಕೂತು ಉಣ್ಣಲಿ. ಊಟವಾದ ಮೇಲೆ ಟ್ರಿನಿಟಿ ಕಾಲೇಜಿನ ಮುಂದೆ ಹಾದು ಹೋಗಲಿ. 1661ರಲ್ಲಿ ನ್ಯೂಟನ್ ಬಂದು ಸೇರಿದ್ದು ಅಲ್ಲಿಗೆ, 1914ರಲ್ಲಿ ನಮ್ಮ ರಾಮಾನುಜನ್ ಹೋಗಿದ್ದೂ ಅಲ್ಲಿಗೆ. ಅಲ್ಲಿಂದ ಕಿಂಗ್ಸ್ ಕಾಲೇಜಿನ ಚಾಪೆಲ್. 1446ರಲ್ಲಿ ಶುರು ಮಾಡಿ 1515ರಲ್ಲಿ ಕಲ್ಲಿನ ಕೆಲಸ ಮುಗಿಸಿದ್ದು. ಬೀಸಣಿಗೆ ಬಿಚ್ಚಿದಂಥ ಕಲ್ಲಿನ ಮೇಲ್ಛಾವಣಿ. ನೋಡಲು ಟಿಕೆಟ್ ಇದೆ, ಆದರೆ ಕಾಲೇಜು ನಡೆಯುವ ದಿನಗಳಲ್ಲಿ ಸಂಜೆಯ ಆರಾಧನೆಗೆ ಕೂಡುವವರಿಗೆ ಹಣ ಇಲ್ಲ. ದೋಣಿ ವಿಹಾರ ತುಟ್ಟಿ. ಸಾಲ ತೀರದ ಮನೆಯವರು ದಂಡೆಯ ಮೇಲೆ ನಿಂತು ನೋಡಿದರೆ ಸಾಕು.

ಆ ಬಯಲಿನಲ್ಲಿ ಊಟದ ಮೇಲೆ ಒಂದು ತಾಸು ಖಾಲಿ ಬಿಟ್ಟಿದ್ದೇನೆ. ಯಾವ ಕಟ್ಟಡವನ್ನೂ ಬರೆದಿಲ್ಲ. ಅಪ್ಪನ ಮನಸ್ಸು, ಮಗ ಅಲ್ಲೇ ದುಡಿದು ಹೊಲ ಬಿಡಿಸಲಿ ಅಂತ. ಅವ್ವನ ಮನಸ್ಸು, ತಿರುಗಿ ಬಂದು ಇಲ್ಲಿಯ ಮಕ್ಕಳಿಗೆ ಗಣಿತ ಕಲಿಸಲಿ ಅಂತ. ಎರಡರಲ್ಲೂ ತಪ್ಪಿಲ್ಲ. ಮೂವರೂ ಒಂದು ಕಡೆ ಕೂತು ಅದನ್ನು ಮಾತಾಡಿಲ್ಲ. ಆ ತಾಸು ಅದಕ್ಕೇ. ನಿರ್ಣಯ ನಾನು ಹೇಳುವುದಲ್ಲ, ನೀವೂ ಹೇಳಬೇಡ್ರಿ, ಪ್ರಾರ್ಥನೆ ಮಾಡ್ರಿ.

ಆದರೆ ಮೂರು ಮಾತು ನಾನು ಎಲ್ಲಾ ಮನೆಗಳಿಗೂ ಹೇಳಲೇಬೇಕು. ಒಂದು, ಓದು ಒಂದು ತಲಾಂತು. ಅದನ್ನು ಮಣ್ಣಿನಲ್ಲಿ ಹೂತಿಟ್ಟ ಆಳನ್ನು ಯಜಮಾನನು ಮೆಚ್ಚಲಿಲ್ಲ. ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟೂ ಹೂತಿಟ್ಟದ್ದೇ. ಎರಡು, ತಿರುಗಿ ಬರುವುದೊಂದೇ ದಾರಿಯಲ್ಲ. ಪಾವಟೆ ಅವರು ತಮ್ಮ ನಾಡಿಗೆ ತಿರುಗಿ ಬಂದು ಓದನ್ನು ಖರ್ಚು ಮಾಡಿದರು. ಮಾರ್ಟಿನ್ ಅವರು ತಮ್ಮ ನಾಡು ಬಿಟ್ಟು ಬಂದು ಖರ್ಚು ಮಾಡಿದರು. ಊರು ಬೇರೆಯಾಯಿತು, ಆದರೆ ಇಬ್ಬರೂ ಓದನ್ನು ತಮ್ಮ ಸಲುವಾಗಿ ಬಚ್ಚಿಟ್ಟುಕೊಳ್ಳಲಿಲ್ಲ. ಲಂಡನ್ನಿನಲ್ಲಿದ್ದರೂ ಕೊಡುವವ ಕೊಡತಾನ, ಹುಕ್ಕೇರಿಯಲ್ಲಿದ್ದರೂ ಬಚ್ಚಿಡುವವ ಬಚ್ಚಿಡತಾನ. ಮೂರು, ಫಲ ಕಾಣಲಿಲ್ಲ ಅಂತ ಕೈ ಬಿಡಬೇಡ್ರಿ. ಭಾನುವಾರ ಶಾಲೆಯಲ್ಲಿ ನಾಲ್ಕು ಮಕ್ಕಳಿಗೆ ಕಲಿಸುವ ತಂಗೀ, ಗೋಡೆಯ ಆಚೆ ಕೂತು ಕೇಳುವ ಐದನೆಯವ ಯಾರು ಅಂತ ನಿನಗೆ ಗೊತ್ತಿಲ್ಲ. ಕರ್ತನಿಗೆ ಗೊತ್ತು.

ಈಗ ಎಲ್ಲರೂ ಎದ್ದು ನಿಲ್ಲೋಣ. ಓದುತ್ತಿರುವ ಮಕ್ಕಳು ಮುಂದೆ ಬರ್ರಿ. ಪಾಲಕರು ಅವರ ತಲೆಯ ಮೇಲೆ ಕೈ ಇಡ್ರಿ. ಪರಲೋಕದಲ್ಲಿರುವ ತಂದೆಯೇ, ಈ ಮಕ್ಕಳ ಬುದ್ಧಿ ನಿನ್ನದು, ಈ ಮನೆಗಳ ಸಾಲ ನಿನಗೆ ಗೊತ್ತು. ಹೊಣೆಯನ್ನು ತಳ್ಳಿಹಾಕದ ಹಾಗೆ, ಕರೆಯನ್ನು ಮರೆಯದ ಹಾಗೆ ಇವರನ್ನು ನಡೆಸು. ದೂರದ ದೇಶದಲ್ಲಿರುವ ಮಕ್ಕಳನ್ನು ಕಾಯಿ. ದಾರಿಯಲ್ಲಿ ಒಬ್ಬಂಟಿಯಾಗಿರುವವರ ಪಕ್ಕದಲ್ಲಿ ನೀನೇ ಇರು. ಇವರು ಮಣ್ಣಿಗೆ ಬೀಳುವ ಕಾಳಾಗಲಿ, ಬೆಳೆ ನಿನ್ನದಾಗಲಿ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.